ತಟ್ಟಿ ನೋಡುವ ಬೆಳಕು

ಸಕ್ಕರೆಯ ಪಾಕವನ್ನು ಅಲುಗಿಸದೆ ಹಲವು ದಿನ ಇಟ್ಟರೆ ಕಲ್ಲುಸಕ್ಕರೆಯ ಹರಳುಗಳು ಬೆಳೆಯುವುವು. ಅದೇ ಪಾಕವನ್ನು ಚೆನ್ನಾಗಿ ಬತ್ತಿಸಿ ಬೇಗನೆ ಆರಿಸಿದರೆ ಗಾಜಿನಂತಹ ಮಿಠಾಯಿ ದೊರೆಯುವುದು. ಎರಡೂ ಸಕ್ಕರೆಯೇ. ಮೊದಲನೆಯದರಲ್ಲಿ ಅಣುಗಳು ಕ್ರಮವಾಗಿ ಸಾಲುಗೂಡಿವೆ. ಎರಡನೆಯದರಲ್ಲಿ ಸಾಲುಗೂಡಲು ಅವಕ್ಕೆ ಕಾಲಾವಕಾಶವೇ ದೊರೆಯಲಿಲ್ಲ.

ಜರ್ಮೇನಿಯಂ, ಆಂಟಿಮನಿ ಮತ್ತು ಟೆಲ್ಯೂರಿಯಂ ಪರಮಾಣುಗಳು 2:2:5ರ ಪ್ರಮಾಣದಲ್ಲಿ ಕೂಡಿದ ವಸ್ತುವಿನಲ್ಲಿ ಇಂತಹ ಪಲ್ಲಟವು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಅಲ್ಪಕಾಲದಲ್ಲಿ ನಡೆಯಬಲ್ಲುದು. ಸ್ಫಟಿಕರೂಪದಲ್ಲಿ ಅದು ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುವುದು, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದು; ಅಸ್ಫಟಿಕರೂಪದಲ್ಲಿ ಈ ಎರಡು ಗುಣಗಳೂ ಕುಗ್ಗುವುವು. ಒಂದು ರೂಪವನ್ನು 1 ಎಂದೂ ಇನ್ನೊಂದನ್ನು 0 ಎಂದೂ ಎಣಿಸಿದರೆ ಮಾಹಿತಿಯನ್ನು ಬರೆದಿಡಬಹುದು. ಮತ್ತೆ ಮತ್ತೆ ಬರೆಯಬಹುದಾದ ಡಿ.ವಿ.ಡಿ. ತಟ್ಟೆಗಳು ಇಂತಹ ವಸ್ತುಗಳಿಂದಲೇ ಸಾಧ್ಯವಾದುವು.

ಆದರೆ ಸಾಲು ತಪ್ಪಿದ ಪರಮಾಣುಗಳು ಹೇಗೆ ನಿಂತಿವೆ? ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುವರು. ಒಳಗಿನ ಬಿರುಕು ಸದ್ದಿನಿಂದ ತಿಳಿಯುವುದು. ಪರಮಾಣುಗಳನ್ನು ತಟ್ಟಿ ನೋಡಲು ಬೆಳಕೇ ಬೆರಳು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕಂಡುಕೊಂಡ ಪರಿಣಾಮವು ಇದಕ್ಕೆ ದಾರಿ ತೋರಿತು. ವಸ್ತುವಿನಿಂದ ಚದರಿದ ಬೆಳಕಿನ ಅತ್ಯಲ್ಪ ಭಾಗವು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಪರಮಾಣುಗಳ ಕಂಪನಕ್ಕೆ ಕೊಟ್ಟು, ಬಣ್ಣ ಬದಲಿಸಿ ಹೊರಬರುವುದು. 532 ನ್ಯಾನೊಮೀಟರ್ ಅಲೆಯುದ್ದದ ಹಸುರು ಬೆಳಕಿನಲ್ಲಿ ಸೆಂಟಿಮೀಟರಿಗೆ ಸುಮಾರು 18,797 ಅಲೆಗಳಿರುವುವು. ಅವುಗಳಲ್ಲಿ 150 ಕಡಿಮೆಯಾದರೆ ಅಲೆಯುದ್ದವು ಸುಮಾರು 536 ನ್ಯಾನೊಮೀಟರ್ ಆಗುವುದು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಈ 4 ನ್ಯಾನೊಮೀಟರುಗಳ ವ್ಯತ್ಯಾಸದಲ್ಲಿಯೇ ಪರಮಾಣುಗಳ ವಾರ್ತೆ ಅಡಗಿದೆ.

ಸ್ಫಟಿಕದಲ್ಲಿ ಪ್ರತಿಯೊಂದು ಜರ್ಮೇನಿಯಂ ಪರಮಾಣುವಿನ ಸುತ್ತ 6 ಟೆಲ್ಯೂರಿಯಂ ನೆರೆಯವರಿರುವರು. ಅಸ್ಫಟಿಕರೂಪದಲ್ಲಿ ಅದು ಜಾಗ ಬದಲಿಸಿ 4 ನೆರೆಯವರ ನಡುವೆ ನಿಲ್ಲುವುದೆಂದು 2004ರಲ್ಲಿ ಕೊಲೊಬೋವ್ ಮತ್ತು ಅವರ ಸಂಗಡಿಗರು ಎಕ್ಸ್-ಕಿರಣಗಳ ಆಧಾರದಿಂದ ಸೂಚಿಸಿದರು. ಅಸ್ಫಟಿಕರೂಪದ ರಾಮನ್ ರೋಹಿತದಲ್ಲಿ 120 ಮತ್ತು 150ರ ಆಸುಪಾಸಿನಲ್ಲಿ ಎರಡು ಉಬ್ಬುಗಳು ಎದ್ದು ಕಾಣುವುವು. ಅವು ಆ ಹೊಸ ನಿಲುವಿನ ಗುರುತುಗಳೇ? 2011ರಲ್ಲಿ ಪ್ರಕಟವಾದ ಗಣನೆಯೊಂದು ಅಲ್ಲವೆಂದಿತು. ಈ ಉಬ್ಬುಗಳು ಬಹುಮಟ್ಟಿಗೆ ಸ್ಫಟಿಕದ ಜೋಡಣೆಯನ್ನೇ ಹೋಲುವ, ಆದರೆ ನೆರೆಯವರಲ್ಲಿ ಕೆಲವರನ್ನು ಕಳೆದುಕೊಂಡ ಜೋಡಣೆಗಳವು; ನಾಲ್ಕು ನೆರೆಯವರ ಜರ್ಮೇನಿಯಮ್ಮಿನ ಗುರುತು 190ರ ಆಚೆ ಕ್ಷೀಣವಾಗಿ ಕಾಣುವುದು. ಎಂದರೆ ಜರ್ಮೇನಿಯಮ್ಮಿನ ಒಂದು ಪಾಲು ಮಾತ್ರ ಆ ನಿಲುವನ್ನು ತಾಳಿದೆ.

ಇಲ್ಲಿ ಒಂದು ಅಪಾಯವುಂಟು. ಅಸ್ಫಟಿಕ ಪದರವು ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸ್ಫಟಿಕವಾಗತೊಡಗುವುದು. ಪರೀಕ್ಷಿಸಲು ಬಿಟ್ಟ ಲೇಸರ್ ಬೆಳಕು ತೀಕ್ಷ್ಣವಾದರೆ ಅದೇ ಪದರವನ್ನು ಕಾಯಿಸಿ ಮಾರ್ಪಡಿಸಿಬಿಡುವುದು. ಸಾಲದುದಕ್ಕೆ, ಬೇರ್ಪಟ್ಟ ಟೆಲ್ಯೂರಿಯಂ ಹರಳುಗಳು 121ರ ಬಳಿಯೇ ಗುರುತು ತೋರಿ ಕಣ್ಣು ತಪ್ಪಿಸಬಲ್ಲುವು. ಆದುದರಿಂದ ಪ್ರಯೋಗಕಾರನು ಪದರಕ್ಕೆ ಗಾಳಿ ಸೋಂಕದಂತೆ ಹೊದಿಕೆ ಹಾಕುವನು. ಬೆಳಕನ್ನು ಕುಗ್ಗಿಸಿ, ಒಂದೇ ಸ್ಥಳದ ರೋಹಿತವನ್ನು ಮತ್ತೆ ಮತ್ತೆ ತೆಗೆದು, ಅದು ಬದಲಾಗಲಿಲ್ಲವೆಂದು ಖಚಿತಪಡಿಸಿಕೊಳ್ಳುವನು.

ಮಡಕೆಯನ್ನು ತಟ್ಟಿಯೇ ಕೊಳ್ಳಬೇಕು, ನಿಜ. ಆದರೆ ತಟ್ಟುವ ಬೆರಳೇ ಅದನ್ನು ಬಿರಿಸಿದರೆ, ಕೇಳಿದ ಸದ್ದು ನಾವು ಮಾಡಿದ ಬಿರುಕಿನದೇ ಆಗುವುದು.