ಊರ ಹತ್ತಿರಕ್ಕೆ ಬಂದ ಪದವಿ

ಕೋಲಾರ ಸೀಮೆಯ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಎಂ.ಎ. ಪದವಿ ಪಡೆದದ್ದು ಮದರಾಸಿನಿಂದ. ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದೇ 1916ರಲ್ಲಿ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಂತೂ ಮೆಟ್ರಿಕ್ಯುಲೇಷನ್ ದಾಟದೆಯೇ ಪತ್ರಿಕಾ ವೃತ್ತಿಗೆ ಇಳಿದರು. ಈ ಸೀಮೆಯಲ್ಲಿ ಆಗ ಪದವಿ ಬೇಕೆಂದವರು ಊರು ಬಿಡಬೇಕಿತ್ತು. ಊರು ಬಿಡಲಾಗದವರ ಓದು ಅಲ್ಲಿಗೇ ನಿಲ್ಲುತ್ತಿತ್ತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. 2017ರಲ್ಲಿ ಅದರಿಂದ ಬೇರೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲೇ ನೆಲೆಯೂರಿತು. ಆದರೆ ಹಳ್ಳಿಯ ಮನೆಗಳಿಗೆ ಪದವಿಯನ್ನು ನಿಜಕ್ಕೂ ತಲುಪಿಸುತ್ತಿರುವುದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ರಾಜ್ಯದಲ್ಲಿ ಇಂಥವು 400ಕ್ಕೂ ಹೆಚ್ಚಿವೆ.

ಇಲ್ಲಿಗೆ ಯಾರ ಮಕ್ಕಳು ಬರುತ್ತಾರೆ? 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನರಲ್ಲಿ ಶೇ 30ರಷ್ಟು ಪರಿಶಿಷ್ಟ ಜಾತಿಯವರು. ಇಡೀ ರಾಜ್ಯದ ಪ್ರಮಾಣ ಶೇ 17. ಡೇರಿಗೆ ಹಾಲು ಹಾಕುವ, ರೇಷ್ಮೆ ಹುಳು ಸಾಕುವ, ಟೊಮೆಟೊ ಬೆಳೆದು ದರಕ್ಕಾಗಿ ಮಂಡಿಯತ್ತ ನೋಡುವ ಮನೆಗಳ ಮಕ್ಕಳಿವರು. ಎಷ್ಟೋ ಮನೆಗಳಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರು ಇವರೇ ಮೊದಲು. ಮನೆಯಲ್ಲಿ ತೆಲುಗು, ಮಾಸ್ತಿ ಹೋಬಳಿಯ ಗಡಿಯಂಚಿನಲ್ಲಿ ತಮಿಳು, ಕೆಲವೆಡೆ ಉರ್ದು, ತರಗತಿಯಲ್ಲಿ ಕನ್ನಡ. ಅರ್ಥಶಾಸ್ತ್ರದ ಪಾಠ ಅರ್ಥವಾಗಲು ಎರಡು ಭಾಷೆ ದಾಟಬೇಕಾದವರೂ ಇದ್ದಾರೆ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. 2011ರಲ್ಲಿ ಜಿಲ್ಲೆಯ ಪುರುಷರ ಸಾಕ್ಷರತೆ ಶೇ 81 ದಾಟಿದ್ದರೆ ಮಹಿಳೆಯರದು ಶೇ 67ನ್ನೂ ಮುಟ್ಟಿರಲಿಲ್ಲ. ದಶಕದ ನಂತರ ದೇಶದ ಮಟ್ಟದಲ್ಲಿ ಉನ್ನತ ಶಿಕ್ಷಣದ ಚಿತ್ರ ಬೇರೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಯುವತಿಯರ ಒಟ್ಟು ದಾಖಲಾತಿ ಅನುಪಾತ ಶೇ 28.5, ಯುವಕರದು ಶೇ 28.3. ಮಗಳನ್ನು ಡಿಗ್ರಿಗೆ ಸೇರಿಸುವ ಮುಂಚೆ ಹಳ್ಳಿಯ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: ಹೊತ್ತು ಮುಳುಗುವುದರೊಳಗೆ ಬಸ್ಸಿದೆಯೆ? 2023ರ ಜೂನ್ 11ರಂದು ಜಾರಿಗೆ ಬಂದ, ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಟಿಕೆಟ್ಟಿನ ಖರ್ಚನ್ನು ಉಳಿಸಿತು. ಬಸ್ಸಿನ ವೇಳೆಯ ಚಿಂತೆ ಹಾಗೇ ಉಳಿಯಿತು.

ಸೇರುವ ವಿಷಯಗಳೂ ಬದಲಾಗಿವೆ. ರಾಜ್ಯದ ಹಲವೆಡೆ ಬಿ.ಎಸ್ಸಿ. ಬೆಂಚುಗಳು ಖಾಲಿಯಾಗುತ್ತಿವೆ, ಬಿ.ಕಾಂ., ಬಿ.ಸಿ.ಎ.ಗಳಿಗೆ ಬೇಡಿಕೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಓದು ಮುಗಿದ ಕೂಡಲೇ ದುಡಿಯಬೇಕಾದವರಿಗೆ ಒಂದು ವರ್ಷವೆಂದರೆ ಒಂದು ವರ್ಷದ ಸಂಬಳ.

ಆ ಸಂಬಳ ಇಲ್ಲಿ ಕಣ್ಣೆದುರೇ ಇದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ದ್ವಿಚಕ್ರ ವಾಹನದಿಂದ ಹಿಡಿದು ಮೊಬೈಲ್ ಫೋನಿನವರೆಗೆ ತಯಾರಾಗುತ್ತವೆ. ಪಿಯುಸಿ ಮುಗಿಸಿದವರಿಗೆ ಅಲ್ಲಿ ಕೆಲಸವುಂಟು; ಕರೆದೊಯ್ಯಲು ಕಂಪನಿ ಬಸ್ಸೂ ಬರುತ್ತದೆ. ಸಾಲದ ಕಂತು ಬಾಕಿಯಿರುವ ಮನೆಯಲ್ಲಿ ಹುಡುಗನನ್ನೋ ಹುಡುಗಿಯನ್ನೋ ಆ ಬಸ್ಸು ಹತ್ತಬೇಡ ಎನ್ನುವುದು ಸುಲಭವಲ್ಲ. ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಸಿಗುವ ನೆರವು ಊಟ, ವಸತಿಗೆ ಆಸರೆಯಾದೀತು, ಸಂಬಳಕ್ಕೆ ಸಾಟಿಯಾಗದು.

ಹಾಗಾಗಿ ಈ ಕಾಲೇಜುಗಳನ್ನು ಪ್ರವೇಶದ ಸಂಖ್ಯೆಯಿಂದಷ್ಟೇ ಅಳೆದರೆ ಅರ್ಧ ಲೆಕ್ಕವಾದೀತು. ಮೊದಲ ಸೆಮಿಸ್ಟರಿಗೆ ಸೇರಿದವರಲ್ಲಿ ಎಷ್ಟು ಮಂದಿ ಆರನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂತರು ಎಂಬುದನ್ನು ಪ್ರತಿ ಕಾಲೇಜೂ ಪ್ರತಿ ವರ್ಷ ಪ್ರಕಟಿಸಲಿ. ಪಾಠದ ವೇಳಾಪಟ್ಟಿ ಹಾಕುವ ದಿನ ಬಸ್ ಡಿಪೊ ಮ್ಯಾನೇಜರನ್ನೂ ಕೂರಿಸಿಕೊಳ್ಳಲಿ. ಪಾಳಿಯಲ್ಲಿ ದುಡಿಯುವವರಿಗೆ ಬೆಳಗಿನ ಅಥವಾ ಸಂಜೆಯ ತರಗತಿ ತೆರೆಯಲಿ. ಕಾಲೇಜು ಊರ ಹತ್ತಿರಕ್ಕೆ ಬಂದಾಗಿದೆ. ಸೇರಿದವರು ಓದು ಮುಗಿಸುವಂತೆ ನೋಡಿಕೊಳ್ಳುವುದು ಮುಂದಿನ ಕೆಲಸ.