ಎಂ.ಎ. ಆಯಿತು, ಕಛೇರಿ ಕಲಿಯುವುದು ಯಾವಾಗ?

ಕೆಲವು ವರ್ಷಗಳ ಹಿಂದೆ, ನವರಾತ್ರಿಯ ಒಂದು ಸಂಜೆ, ಮಂಗಳೂರಿನ ದೇವಸ್ಥಾನವೊಂದರಲ್ಲಿ ನನ್ನ ಮಗಳ ಕಛೇರಿ ಇತ್ತು. ದೂರದ ಊರಿನಲ್ಲಿ ಕರ್ನಾಟಕ ಸಂಗೀತದ ಸ್ನಾತಕೋತ್ತರ ಪದವಿ ಮುಗಿಸಿ ಅವಳು ಮನೆಗೆ ಮರಳಿ ಮೂರು ತಿಂಗಳಾಗಿತ್ತಷ್ಟೆ. ಸಂಘಟಕರು ಕೊಟ್ಟ ಅವಧಿ ಒಂದೂವರೆ ಗಂಟೆ. ವರ್ಣ ಮುಗಿಯಿತು, ಗಣಪತಿಯ ಕೃತಿ ಮುಗಿಯಿತು. ಆಮೇಲೆ ಸಾವೇರಿಯ ಆಲಾಪನೆಗೆ ಇಳಿದವಳು ಹೊತ್ತಿನ ಪರಿವೆಯನ್ನೇ ಮರೆತಳು. ಪ್ರಧಾನ ರಾಗವೆಂದು ಇಟ್ಟುಕೊಂಡಿದ್ದ ಕಾಂಭೋಜಿಯನ್ನು ಆರಂಭಿಸಿದ ಕೂಡಲೇ ವೇದಿಕೆಗೆ ಒಂದು ಚೀಟಿ ಬಂತು: ‘ಹತ್ತು ನಿಮಿಷದಲ್ಲಿ ಮುಗಿಸಿ, ಮಹಾಪೂಜೆಗೆ ಹೊತ್ತಾಯಿತು.’

ಅವಳು ಬೆದರಿದಳು. ಆಲಾಪನೆಯನ್ನು ನಡುವಿನಲ್ಲೇ ಬಿಟ್ಟು, ಕೃತಿಯನ್ನು ಓಡಿಸಿ, ಮಂಗಳ ಹಾಡಿ ಎದ್ದಳು. ನೆರವಲ್ ಇಲ್ಲ, ಕಲ್ಪನಾಸ್ವರ ಇಲ್ಲ, ಮೃದಂಗಕ್ಕೆ ತನಿಯಾವರ್ತನವೂ ಇಲ್ಲ. ದೇವಸ್ಥಾನದ ಹಿಂಬದಿಯ ಕೋಣೆಯಲ್ಲಿ ಹಿರಿಯ ಮೃದಂಗವಾದಕರು ವಾದ್ಯಕ್ಕೆ ಗವಸು ಹಾಕುತ್ತಾ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಪಾಠ ಚೆನ್ನಾಗುಂಟು ಮಗಾ. ಕಛೇರಿ ಮಾಡ್ಲಿಕ್ಕೆ ಇನ್ನು ಕಲೀಬೇಕು.”

ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೇ ಓದಿದವಳಿಗೆ ಈ ಮಾತನ್ನು ಅಲ್ಲಿ ಯಾರೂ ಹೇಳಿರಲಿಲ್ಲವೇ? ವಿಚಾರಿಸಿದಾಗ ತಿಳಿದದ್ದಿಷ್ಟು. ಅವಳು ಲಕ್ಷಣಗ್ರಂಥಗಳನ್ನು ಓದಿದ್ದಳು, ಮೇಳಕರ್ತ ಪದ್ಧತಿಯ ಬಗ್ಗೆ ಪ್ರಬಂಧ ಬರೆದಿದ್ದಳು, ಕಠಿಣ ತಾಳಗಳಲ್ಲಿ ಪಲ್ಲವಿ ಅಭ್ಯಾಸ ಮಾಡಿದ್ದಳು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮೇಜಿನ ಆಚೆ ಕುಳಿತ ಪರೀಕ್ಷಕರು ‘ಈ ರಾಗದಲ್ಲಿ ಸ್ವರ ಹಾಡಿ’, ‘ಸಾಕು, ಈಗ ಇನ್ನೊಂದು’ ಎನ್ನುತ್ತಿದ್ದರು. ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಅವರು. ಕಛೇರಿಯಲ್ಲಾದರೋ ಆ ನಿರ್ಧಾರ ಪೂರ್ತಿಯಾಗಿ ಹಾಡುಗಾರರದು. ಪರೀಕ್ಷೆ ಅವಳ ಜ್ಞಾನವನ್ನು ಅಳೆಯಿತೇ ಹೊರತು ವಿವೇಚನೆಯನ್ನು ಅಳೆಯಲಿಲ್ಲ.

ವೇದಿಕೆ ಪ್ರದರ್ಶನಕ್ಕೆ ಅಂಕ ಇಡುವ ಪಠ್ಯಕ್ರಮಗಳು ಇಲ್ಲವೆಂದಲ್ಲ. ಆದರೆ ಆ ವೇದಿಕೆ ಬಹುತೇಕ ವಿಭಾಗದ್ದೇ ಸಭಾಂಗಣ, ಶ್ರೋತೃಗಳು ಸಹಪಾಠಿಗಳು. ನಡುವೆ ಎದ್ದುಹೋಗುವವರಿಲ್ಲ, ಕೈಕೊಡುವ ಮೈಕ್ ಇಲ್ಲ, ಚೀಟಿ ಕಳಿಸುವ ಸಂಘಟಕರೂ ಇಲ್ಲ.

ಕಛೇರಿ ಕಟ್ಟುವುದು ಒಂದು ಪ್ರತ್ಯೇಕ ವಿದ್ಯೆ. ಇಂದು ನಾವು ಕೇಳುವ ಕರ್ನಾಟಕ ಸಂಗೀತ ಕಛೇರಿಯ ಚೌಕಟ್ಟನ್ನು ರೂಪಿಸಿದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967). ಆರಂಭಕ್ಕೆ ವರ್ಣ, ಬಳಿಕ ಚುರುಕಾದ ಕೃತಿಗಳು, ನಡುವೆ ವಿಸ್ತಾರವಾದ ಪ್ರಧಾನ ರಾಗ ಮತ್ತು ತನಿಯಾವರ್ತನ, ಕೊನೆಗೆ ಹಗುರವಾದ ರಚನೆಗಳು. ಕಂಠ ಹದವಾಗುವ ಹೊತ್ತು, ಶ್ರೋತೃವಿನ ಏಕಾಗ್ರತೆ ಏರಿ ಇಳಿಯುವ ಬಗೆ, ಪಕ್ಕವಾದ್ಯದವರಿಗೆ ಸಲ್ಲಬೇಕಾದ ಪಾಲು ಇವೆಲ್ಲ ಆ ಕ್ರಮದಲ್ಲಿ ಅಡಗಿವೆ. ಇದನ್ನು ಮೂರು ಗಂಟೆಗೆ ಹಿಗ್ಗಿಸಲೂ ಮುಕ್ಕಾಲು ಗಂಟೆಗೆ ಕುಗ್ಗಿಸಲೂ ತಿಳಿದಿರಬೇಕು. ಮೊದಲ ಬಾರಿ ಭೇಟಿಯಾದ ಪಿಟೀಲುವಾದಕರಿಗೆ ಆಲಾಪನೆಯಲ್ಲಿ ಎಷ್ಟು ಅವಕಾಶ ಬಿಡಬೇಕು, ಸಭೆಯಲ್ಲಿ ಗುಸುಗುಸು ಹೆಚ್ಚಿದಾಗ ಯಾವ ದೇವರನಾಮ ಎತ್ತಿಕೊಳ್ಳಬೇಕು ಎಂಬುದು ಟಿಪ್ಪಣಿ ಬರೆದುಕೊಂಡು ಕಲಿಯುವಂಥದಲ್ಲ.

ಹಾಗೆಂದು ಅದು ಹುಟ್ಟಿನಿಂದಲೇ ಬರಬೇಕಾದದ್ದು ಎಂಬ ವಾದವನ್ನು ನಾನು ಒಪ್ಪಲಾರೆ. ಕ್ರಮವಾಗಿ ಕಲಿಸುವ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ತೆಂಕುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ಹೊಸ ಹಾಡುಗಾರನನ್ನು ಮೊದಲ ದಿನವೇ ಪ್ರಸಂಗಕ್ಕೆ ಕೂರಿಸುತ್ತಿರಲಿಲ್ಲ. ಅವನು ಪೂರ್ವರಂಗಕ್ಕೆ ಹಾಡುವ ‘ಸಂಗೀತಗಾರ’. ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕುಣಿಸುತ್ತಾ, ಚೆಂಡೆ ಮದ್ದಳೆಗಳ ಜೊತೆಗಿನ ಹೊಂದಾಣಿಕೆ ಕಲಿಯುತ್ತಾ, ಹಿರಿಯ ಭಾಗವತರು ರಂಗವನ್ನು ನಡೆಸುವ ರೀತಿಯನ್ನು ಕಂಡುಕೊಂಡು ಮೇಲೇರುತ್ತಿದ್ದ. ತಪ್ಪಿದರೆ ಆಟ ಕೆಡದು, ಆದರೆ ತಪ್ಪಿದ್ದು ಅವನಿಗೆ ತಿಳಿಯುತ್ತಿತ್ತು. ಇದಕ್ಕಿಂತ ಮಿಗಿಲಾದ ಪಠ್ಯಕ್ರಮ ಬೇಕೆ?

ಕದ್ರಿ ಗೋಪಾಲನಾಥರ ಬದುಕನ್ನೇ ನೋಡಿ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರಿಗೆ ನಾಗಸ್ವರ ಕಲಿಸಿದವರು ತಂದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ ಹೇಳಿಸಿಕೊಂಡರು. ಅನಂತರ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು. ಆ ಗುರುಗಳು ಸ್ವತಃ ಹಾಡುಗಾರರು, ಮೃದಂಗವಾದಕರೂ ಹೌದು. ಅಂದರೆ ಕಛೇರಿಯನ್ನು ಎರಡೂ ಬದಿಯಿಂದ ಬಲ್ಲವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ, 2019ರಲ್ಲಿ ನಮ್ಮನ್ನಗಲಿದ ಈ ಕಲಾವಿದರನ್ನು ರೂಪಿಸಿದ್ದು ಪರೀಕ್ಷೆಯ ಕೊಠಡಿಯಲ್ಲ.

ಎಲ್ಲರೂ ಗೋಪಾಲನಾಥರಾಗುವುದಿಲ್ಲ, ನಿಜ. ಸ್ನಾತಕೋತ್ತರ ಪದವಿ ಪಡೆದವರಲ್ಲಿ ಅನೇಕರು ಶಿಕ್ಷಕರಾಗುತ್ತಾರೆ, ಸಂಶೋಧಕರಾಗುತ್ತಾರೆ. ಆದರೆ ಕಛೇರಿ ಮಾಡಿ ಗೊತ್ತಿಲ್ಲದ ಶಿಕ್ಷಕರು ಮುಂದಿನ ತಲೆಮಾರಿಗೆ ಕಲಿಸುವುದಾದರೂ ಏನನ್ನು? ಅದೇ ಪರೀಕ್ಷೆಯ ಸಂಗೀತವನ್ನೇ ಅಲ್ಲವೇ?

ಪರಿಹಾರ ದುಬಾರಿಯದೇನಲ್ಲ. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿ ಕ್ಯಾಂಪಸ್ಸಿನ ಹೊರಗೆ ನಾಲ್ಕು ಕಛೇರಿ ಮಾಡಲಿ: ಒಂದು ದೇವಸ್ಥಾನದಲ್ಲಿ, ಒಂದು ಶಾಲೆಯ ಮಕ್ಕಳೆದುರು, ಒಂದು ಮನೆಯ ಚಾವಡಿಯಲ್ಲಿ, ಒಂದು ಸಂಗೀತಸಭೆಯಲ್ಲಿ. ಪಿಟೀಲು, ಮೃದಂಗ ಕಲಿಯುವವರಿಗೂ ಅದೇ ಕಛೇರಿಗಳಲ್ಲಿ ಪಕ್ಕವಾದ್ಯಕ್ಕಾಗಿ ಅಂಕ ಸಿಗಲಿ. ಧ್ವನಿಮುದ್ರಣವನ್ನು ಗುರುಗಳೊಂದಿಗೆ ಕುಳಿತು ಕೇಳಿ ತಿದ್ದಿಕೊಳ್ಳಲಿ. ನಮ್ಮ ಸಭೆಗಳೂ ಒಂದು ಹೆಜ್ಜೆ ಮುಂದೆ ಬರಬೇಕು. ದೊಡ್ಡ ವಿದ್ವಾಂಸರ ಕಛೇರಿಗೆ ಮುನ್ನ ಅರ್ಧ ಗಂಟೆಯನ್ನು ಇಂಥವರಿಗೆ ಬಿಟ್ಟುಕೊಡಲಿ, ಸಣ್ಣದಾದರೂ ಸಂಭಾವನೆ ಕೊಡಲಿ. ಅರ್ಧ ಗಂಟೆ ಬೇಗ ಬಂದು ಕುಳಿತುಕೊಳ್ಳುವ ಕರ್ತವ್ಯ ಕೇಳುಗರಾದ ನಮ್ಮದು.

ನನ್ನ ಮಗಳು ಆ ಮೃದಂಗವಾದಕರ ಮನೆಗೆ ಒಂದು ವರ್ಷ ವಾರಕ್ಕೊಮ್ಮೆ ಹೋದಳು. ಮುಂದಿನ ನವರಾತ್ರಿಯಲ್ಲಿ ಅದೇ ವೇದಿಕೆಯಲ್ಲಿ, ಅವರೇ ಮೃದಂಗಕ್ಕಿದ್ದಾಗ, ತನಿಯಾವರ್ತನಕ್ಕೆ ಹದಿನೈದು ನಿಮಿಷ ಬಿಟ್ಟು, ಮಹಾಪೂಜೆಯ ಗಂಟೆಗೆ ಮೊದಲೇ ಮಂಗಳ ಹಾಡಿದಳು. ಅದು ಅವಳ ಅದೃಷ್ಟ. ಆದರೆ ಕಛೇರಿ ಮಾಡಲು ಕಲಿಯಬೇಕು ಎಂಬ ಮಾತನ್ನು ಪದವಿ ಪಡೆದ ಮೇಲೆ, ದೇವಸ್ಥಾನದ ಹಿಂಬದಿಯ ಕೋಣೆಯಲ್ಲಿ ಕೇಳಿಸಿಕೊಳ್ಳಬೇಕಾದ ಸ್ಥಿತಿ ಇನ್ನೊಬ್ಬರ ಮಕ್ಕಳಿಗೆ ಬರಬಾರದು. ಅದನ್ನು ಹೇಳಬೇಕಾದದ್ದು ವಿಶ್ವವಿದ್ಯಾಲಯ, ಅದೂ ಮೊದಲ ವರ್ಷದಲ್ಲೇ.