ಅಮೆರಿಕದ ಗಡಿಯಾರ, ಅರಿಜೋನಾದ ಹಠ

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಅಪ್ಪ-ಅಮ್ಮಂದಿರಿಗೆ ಈ ಗೊಂದಲ ಗೊತ್ತು. ಬೇಸಿಗೆಯಲ್ಲಿ ನಾವು ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಚಳಿಗಾಲ ಬಂತು ಅಂದ್ರೆ ಹದಿಮೂರೂವರೆ. ಆದ್ರೆ ಪಕ್ಕದ ರಾಜ್ಯ ಅರಿಜೋನಾದ ಫೀನಿಕ್ಸ್‌ನಲ್ಲಿ ಮಕ್ಕಳಿದ್ದವರಿಗೆ ಈ ತಲೆನೋವೇ ಇಲ್ಲ. ವರ್ಷವಿಡೀ ಹನ್ನೆರಡೂವರೆ ಗಂಟೆ. ಯಾಕೆ ಹೀಗೆ?

ಇದಕ್ಕೆ ಕಾರಣ ಡೇಲೈಟ್ ಸೇವಿಂಗ್ ಟೈಮ್. ಲೆಕ್ಕ ಸರಳ. ಮಾರ್ಚ್ ತಿಂಗಳ ಎರಡನೇ ಭಾನುವಾರ ನಸುಕಿನ 2 ಗಂಟೆ ಆದಾಗ ಗಡಿಯಾರವನ್ನು 3ಕ್ಕೆ ತಿರುಗಿಸ್ತಾರೆ. ನವೆಂಬರ್ ಮೊದಲ ಭಾನುವಾರ ಅದೇ 2 ಗಂಟೆಗೆ ಮತ್ತೆ 1ಕ್ಕೆ ತರ್ತಾರೆ. ಇದರಿಂದ ಹಗಲು ಒಂದು ನಿಮಿಷವೂ ಉದ್ದ ಆಗಲ್ಲ. ಜನ ಮಲಗಿರುವ ಹೊತ್ತಿನ ಬೆಳಕು ಸಂಜೆಯ ಲೆಕ್ಕಕ್ಕೆ ಬರುತ್ತೆ, ಅಷ್ಟೆ.

ಸಂಜೆ ಬೆಳಕು ಯಾರಿಗೆ ಬೇಡ ಅಂತೀರಾ? ಅರಿಜೋನಾದವರಿಗೆ ಬೇಡ! 1966ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ತರುವ ಕಾನೂನು ಬಂತು. 1967ರಲ್ಲಿ ಅರಿಜೋನಾ ಅದನ್ನು ಪಾಲಿಸಿ ನೋಡಿತು. ಅದು ಮರುಭೂಮಿ ನಾಡು. ಜೂನ್‌ನಲ್ಲಿ ಫೀನಿಕ್ಸ್‌ನ ಬಿಸಿಲು 40 ಡಿಗ್ರಿ ದಾಟುತ್ತೆ. 7:40ರ ಸುಮಾರಿಗೆ ಮುಳುಗಬೇಕಿದ್ದ ಸೂರ್ಯ ಗಡಿಯಾರದ ಪ್ರಕಾರ 8:40ರವರೆಗೂ ಸುಡುತ್ತಿದ್ದ. ಜನರಿಗೆ ಬೇಕಿದ್ದದ್ದು ತಂಪು, ಬೆಳಕಲ್ಲ. 1968ರಲ್ಲಿ ರಾಜ್ಯ ಹೊರಬಂತು. ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ.

ಕಥೆ ಇಲ್ಲಿಗೇ ಮುಗಿಯಲ್ಲ. ಅರಿಜೋನಾದೊಳಗೇ ಮೂಲನಿವಾಸಿ ನವಾಹೋ ಜನರ ನಾಡಿದೆ. ಅದು ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳಿಗೂ ಹರಡಿಕೊಂಡಿದೆ. ಒಂದೇ ಜನಕ್ಕೆ ಎರಡು ಸಮಯ ಬೇಡ ಅಂತ ಅವರು ಗಡಿಯಾರ ಬದಲಿಸ್ತಾರೆ. ಅವರ ಸುತ್ತುವರಿದ ನಡುವಿನಲ್ಲಿರುವ ಹೋಪಿ ಜನ ಬದಲಿಸಲ್ಲ! ಬೇಸಿಗೆಯಲ್ಲಿ ಆ ದಾರಿಯಲ್ಲಿ ಕಾರು ಓಡಿಸಿದರೆ ಗಂಟೆ ಹಿಂದೆ ಮುಂದೆ ಆಗ್ತಾನೇ ಇರುತ್ತೆ.

ಹಾಗಾದ್ರೆ ವರ್ಷಪೂರ್ತಿ ಬೇಸಿಗೆ ಸಮಯವನ್ನೇ ಇಟ್ಟುಕೊಂಡರೆ? ತೈಲ ಬಿಕ್ಕಟ್ಟಿನ ಕಾಲದಲ್ಲಿ, 1974ರ ಜನವರಿಯಲ್ಲಿ, ಅಮೆರಿಕ ಅದನ್ನೂ ಶುರು ಮಾಡಿತ್ತು. ಚಳಿಗಾಲದ ಬೆಳಿಗ್ಗೆ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೊರಡಬೇಕಾಯ್ತು. ತಂದೆ-ತಾಯಂದಿರು ಸಿಟ್ಟಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು.

ನೋಡಿ, ಗಡಿಯಾರದ ಮುಳ್ಳು ಸರಿಸೋದು ಸುಲಭ. ಆದ್ರೆ ಒಬ್ಬರ ಸಂಜೆಗೆ ಕೊಟ್ಟ ಬೆಳಕನ್ನು ಇನ್ನೊಬ್ಬರ ಬೆಳಗಿನಿಂದಲೇ ತೆಗೆದಿರ್ತೀವಿ. ಯಾರ ಬೆಳಗು, ಯಾರ ಸಂಜೆ ಅನ್ನೋದನ್ನ ಅಲ್ಲಿ ಬದುಕುವ ಜನರನ್ನೇ ಕೇಳಬೇಕು.